ಹಿತ್ತಲ ತೊಟ್ಟಿಯ ಚಿನ್ನದ ಮೀನು



ಶೃಂಗೇರಿಗೆ ಹೋಗಿದ್ದೀರಾ? ಅಲ್ಲಿ ತುಂಗಾ ನದಿ ಇದೆ. ನದಿಯ ಮೆಟ್ಟಿಲ ಹತ್ತಿರ ದೊಡ್ಡ ದೊಡ್ಡ ಮೀನುಗಳಿವೆ. ಹೋದವರೆಲ್ಲ ಮಂಡಕ್ಕಿ ಹಾಕುತ್ತಾರೆ. ಮೀನುಗಳು ಮುಗಿಬಿದ್ದು ತಿನ್ನುತ್ತವೆ. ಅಷ್ಟು ಮೀನು, ಅಷ್ಟು ಮಂಡಕ್ಕಿ. ಆದರೂ ಅವು ಅಲ್ಲಿ ಬದುಕಿವೆ. ಯಾಕೆ?

ಅಲ್ಲಿ ನೀರು ಹರಿಯುತ್ತದೆ. ಹಳೇ ನೀರು ಹೋಗುತ್ತದೆ. ಹೊಸ ನೀರು ಬರುತ್ತದೆ.

ನಮ್ಮ ಹಿತ್ತಲ ತೊಟ್ಟಿ ನದಿಯಲ್ಲ. ಅಲ್ಲಿ ನೀರು ನಿಂತಲ್ಲೇ ನಿಂತಿರುತ್ತದೆ. ಈ ಒಂದು ಮಾತು ನಮಗೆ ಮೊದಲು ತಿಳಿಯಲಿಲ್ಲ. ತಿಳಿಯದೆ ನಾವು 27 ಮೀನು ಕಳೆದುಕೊಂಡೆವು. ಆ ಕಥೆಯನ್ನೂ, ಅದರಿಂದ ನಾವು ಕಲಿತ ಪಾಠವನ್ನೂ ಇಲ್ಲಿ ಬರೆದಿದ್ದೇವೆ. ನಿಧಾನವಾಗಿ ಓದಿ. ಒಬ್ಬರು ಓದಿ, ಉಳಿದವರು ಕೇಳಿ.

ನಾವು ಮಾಡಿದ ತಪ್ಪು

ನಮ್ಮ ಕಲಿಕಾ ಕೇಂದ್ರಕ್ಕೆ ಸಂಜೆ ಹೊತ್ತು ಹನ್ನೆರಡು ಜನ ಹೆಂಗಸರು ಬರುತ್ತಿದ್ದೆವು. ಓದು ಬರಹದ ಜೊತೆಗೆ ನಾಲ್ಕು ಕಾಸು ಬರುವ ಕೆಲಸವನ್ನೂ ಮಾಡೋಣ ಅಂತ ಮಾತಾಯಿತು. ಪೇಟೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಬಣ್ಣದ ಮೀನು ಮಾರುತ್ತಾರಲ್ಲ, ಅದನ್ನು ನಾವೇ ಸಾಕಿ ಬೆಳೆಸಿದರೆ ಹೇಗೆ?

ಹೂವು ಮಾರುವ ಅಕ್ಕನ ಹಿತ್ತಲಲ್ಲಿ ಜಾಗ ಇತ್ತು. ಸಂಘದಿಂದ ಸಾಲ ತೆಗೆದೆವು. ಸಿಮೆಂಟಿನ ತೊಟ್ಟಿ ಕಟ್ಟಿಸಿದೆವು. ನಲ್ಲಿ ನೀರು ತುಂಬಿಸಿದೆವು. 40 ಚಿನ್ನದ ಮೀನಿನ ಮರಿ ತಂದು ಬಿಟ್ಟೆವು. ಇದಕ್ಕೆ ಪೇಟೆಯಲ್ಲಿ ಗೋಲ್ಡ್ ಫಿಶ್ ಅನ್ನುತ್ತಾರೆ. ಚೀನಾ ದೇಶದ ಜನ ಸಾವಿರ ವರ್ಷಕ್ಕೂ ಹಿಂದೆ ಸಾಕಿ ಸಾಕಿ ಈ ಬಣ್ಣ ಬರಿಸಿದರಂತೆ.

ಮಕ್ಕಳೆಲ್ಲ ಬಂದು ನೋಡುವರು. ಬಂದವರೆಲ್ಲ ಮಂಡಕ್ಕಿ ಹಾಕುವರು, ಅನ್ನದ ಅಗುಳು ಹಾಕುವರು. ಮೀನು ಹಾಕಿದಷ್ಟೂ ತಿನ್ನುತ್ತಿತ್ತು. ನಮಗೂ ಖುಷಿ.

ಹತ್ತು ದಿನ ಕಳೆಯಿತು. ಬೆಳಿಗ್ಗೆ ನೋಡಿದರೆ ಮೀನೆಲ್ಲ ನೀರಿನ ಮೇಲೆ ಬಾಯಿ ಬಿಡುತ್ತಿವೆ. ಆ ವಾರದಲ್ಲಿ 13 ಮೀನು ಸತ್ತವು. ಆದರೆ ನೀರು ಗಾಜಿನ ಹಾಗೆ ತಿಳಿಯಾಗಿತ್ತು. ತಳದಲ್ಲಿ ಬಿದ್ದ ಕಾಸು ಕೂಡ ಕಾಣುತ್ತಿತ್ತು.

"ತೊಟ್ಟಿ ಗಲೀಜಾಗಿರಬೇಕು, ತೊಳೆಯೋಣ ಕಣ್ರೇ" ಅಂದರು ಒಬ್ಬ ಅಕ್ಕ. ಸರಿ ಅಂತ ನೀರೆಲ್ಲ ಚೆಲ್ಲಿದೆವು. ಗೋಡೆ ತಿಕ್ಕಿ ತೊಳೆದೆವು. ಅವತ್ತೇ ನಲ್ಲಿಯಿಂದ ಹೊಸ ನೀರು ತುಂಬಿಸಿ ಮೀನು ಬಿಟ್ಟೆವು. ಮರುದಿನ ಇನ್ನೂ 14 ಸತ್ತವು. ಉಳಿದದ್ದು 13.

ಊರಲ್ಲಿ ಮಾತು ಶುರುವಾಯಿತು. "ಅಕ್ಷರ ಕಲಿಯೋಕೆ ಹೋಗಿ ಮೀನು ಸಾಯಿಸಿದರು" ಅಂತ ನಕ್ಕರು. ಸಾಲದ ಕಂತು ಬೇರೆ ಕಟ್ಟಬೇಕು. ನಮಗೆಲ್ಲ ಅಳು ಬರುವ ಹಾಗಾಯಿತು. ಆದರೆ ನಾವು ಕೈಬಿಡಲಿಲ್ಲ. ಮೀನುಗಾರಿಕೆ ಇಲಾಖೆಯ ಕಚೇರಿಗೆ ಹೋಗಿ ಕೇಳಿದೆವು. ಪುಸ್ತಕ ಓದಿದೆವು. ಒಂದೊಂದೇ ತಿಳಿಯುತ್ತಾ ಬಂತು.

ಕಣ್ಣಿಗೆ ಕಾಣದ ವಿಷ

ಮನೆಯಲ್ಲಿ ಹಸು ಇದ್ದರೆ ಕೊಟ್ಟಿಗೆ ದಿನಾ ಬಾಚುತ್ತೇವೆ. ಯಾಕೆ? ಸೆಗಣಿ, ಗಂಜಲ ನಿಂತರೆ ಹಸುವಿಗೆ ರೋಗ. ಮೀನೂ ಅಷ್ಟೇ. ಅದು ನೀರಲ್ಲೇ ತಿನ್ನುತ್ತದೆ, ನೀರಲ್ಲೇ ಹೊಲಸು ಬಿಡುತ್ತದೆ, ಅದೇ ನೀರಲ್ಲಿ ಉಸಿರಾಡುತ್ತದೆ. ಚಿನ್ನದ ಮೀನಿಗೆ ನಮ್ಮ ಹಾಗೆ ಹೊಟ್ಟೆಯ ಚೀಲ ಇಲ್ಲ. ತಿಂದದ್ದು ಸೀದಾ ಕರುಳಿಗೆ ಹೋಗುತ್ತದೆ. ಹಾಕಿದಷ್ಟೂ ತಿನ್ನುತ್ತಲೇ ಇರುತ್ತದೆ. ತಿಂದಷ್ಟೂ ಹೊಲಸು ಹೆಚ್ಚು.

ಮೀನಿನ ಕಿವಿರಿನಿಂದ ಅಮೋನಿಯಾ ಅನ್ನುವ ವಸ್ತು ನೀರಿಗೆ ಸೇರುತ್ತದೆ. ಕೊಳೆತ ಮಂಡಕ್ಕಿ, ಅನ್ನದಿಂದಲೂ ಇದು ಬರುತ್ತದೆ. ಗಂಜಲ ನಿಂತ ಕೊಟ್ಟಿಗೆಯಲ್ಲಿ ಮೂಗಿಗೆ ಹೊಡೆಯುವ ಘಾಟು ಬರುತ್ತದಲ್ಲ, ಅದು ಇದೇ. ನೀರಲ್ಲಿ ಸ್ವಲ್ಪ ಇದ್ದರೂ ಮೀನಿಗೆ ವಿಷ. ಆದರೆ ಅದಕ್ಕೆ ಬಣ್ಣ ಇಲ್ಲ. ಕಣ್ಣಿಗೆ ಕಾಣುವುದಿಲ್ಲ. ನಮ್ಮ ಮೊದಲ 13 ಮೀನು ಸತ್ತದ್ದು ಹೀಗೆ.

ತಿಳಿ ನೀರೆಲ್ಲ ಒಳ್ಳೇ ನೀರಲ್ಲ. ಇದನ್ನು ನೆನಪಿಡಿ.

ಆಮೇಲೆ ಸತ್ತ 14 ಮೀನಿನ ಕಥೆ ಬೇರೆ. ಪಂಚಾಯಿತಿ ನಲ್ಲಿ ನೀರಿಗೆ ಬ್ಲೀಚಿಂಗ್ ಪುಡಿ ಹಾಕಿರುತ್ತಾರೆ. ನಮಗೆ ಅದು ಒಳ್ಳೆಯದು. ರೋಗದ ಕ್ರಿಮಿ ಸಾಯುತ್ತದೆ. ಆದರೆ ಅದರಲ್ಲಿರುವ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ. ನಾವು ನೀರನ್ನು ಒಂದು ದಿನವೂ ಇಡದೆ ಸೀದಾ ಬಿಟ್ಟಿದ್ದೆವು.

ಕಣ್ಣಿಗೆ ಕಾಣದ ಕೂಲಿಯಾಳು

ಹಾಲು ಮೊಸರಾಗುವುದು ಹೇಗೆ? ಹೆಪ್ಪು ಹಾಕುತ್ತೇವೆ. ಹೆಪ್ಪಿನಲ್ಲಿ ಕಣ್ಣಿಗೆ ಕಾಣದ ಜೀವಿಗಳಿವೆ. ಅವು ಹಾಲನ್ನು ಮೊಸರು ಮಾಡುತ್ತವೆ.

ತೊಟ್ಟಿಯ ನೀರಲ್ಲೂ ಅಂಥ ಸೂಕ್ಷ್ಮ ಜೀವಿಗಳು ಬೆಳೆಯುತ್ತವೆ. ಒಂದು ಜಾತಿಯವು ಅಮೋನಿಯಾ ತಿಂದು ಅದನ್ನು ನೈಟ್ರೈಟ್ ಮಾಡುತ್ತವೆ. ಇದೂ ವಿಷವೇ. ಮೀನಿನ ರಕ್ತಕ್ಕೆ ಗಾಳಿ ಹೊರುವ ಶಕ್ತಿ ಇಲ್ಲದ ಹಾಗೆ ಮಾಡುತ್ತದೆ. ಇನ್ನೊಂದು ಜಾತಿಯವು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಇದರಿಂದ ಅಷ್ಟು ತೊಂದರೆ ಇಲ್ಲ. ಗಿಡಗಳಿಗಂತೂ ಇದು ಗೊಬ್ಬರ.

ಈ ಜೀವಿಗಳು ನಮ್ಮ ಕೂಲಿಯಾಳುಗಳು. ಹಗಲು ರಾತ್ರಿ ದುಡಿಯುತ್ತವೆ. ಕೂಲಿ ಕೇಳುವುದಿಲ್ಲ. ಅವಕ್ಕೆ ಬೇಕಾದದ್ದು ಎರಡೇ. ಕೂರಲು ಜಾಗ ಬೇಕು. ಉಸಿರಾಡಲು ಗಾಳಿ ಬೆರೆತ ನೀರು ಹರಿಯುತ್ತಿರಬೇಕು.

ಕೂರಲು ಜಾಗ ಯಾವುದು? ಕಲ್ಲು, ಜಲ್ಲಿ, ಬಲೆ. ಇವುಗಳ ಮೈಮೇಲೆ ಅವು ಅಂಟಿಕೊಂಡು ಬೆಳೆಯುತ್ತವೆ. ಮುಟ್ಟಿದರೆ ಸ್ವಲ್ಪ ಲೋಳೆ ಲೋಳೆ ಅನ್ನಿಸುತ್ತದೆ.

ಹೊಸ ತೊಟ್ಟಿಯಲ್ಲಿ ಇವು ಚೆನ್ನಾಗಿ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಅದಕ್ಕೇ ಮೊದಲು ನಾಲ್ಕೈದು ಮೀನು ಮಾತ್ರ ಬಿಡಬೇಕು. ಆಹಾರ ಕಡಿಮೆ ಹಾಕಬೇಕು. ನಾವು ಒಂದೇ ದಿನ 40 ಬಿಟ್ಟಿದ್ದೆವು! ಹೆಪ್ಪು ಹಾಕದೇ ಮೊಸರು ಬೇಕು ಅಂದ ಹಾಗಾಯಿತು.

ಸೋಸುವ ಡ್ರಮ್ಮು ಮಾಡಿದ್ದು

ನೀರನ್ನು ಸೋಸಬೇಕು ಅಂತ ಗೊತ್ತಾಯಿತು. ಕುಡಿಯುವ ನೀರು ಸೋಸಲು ಮಡಕೆಯಲ್ಲಿ ಮರಳು, ಇದ್ದಿಲು, ಜಲ್ಲಿ ಹಾಕುವುದು ನಮಗೆ ಗೊತ್ತಿತ್ತು. ಹಾಗೇ ಮಾಡಿದೆವು. ಡ್ರಮ್ಮಿಗೆ ಮರಳು ತುಂಬಿ, ಮೇಲಿನಿಂದ ಪಂಪಿನ ನೀರು ಬಿಟ್ಟೆವು.

ಎರಡೇ ದಿನ. ಮೂರನೇ ದಿನ ಮರಳಿನ ಸಂದಿಯಲ್ಲಿ ಕೆಸರು ಕಟ್ಟಿಕೊಂಡಿತು. ನೀರು ಕೆಳಗೆ ಇಳಿಯಲಿಲ್ಲ. ಡ್ರಮ್ಮು ತುಂಬಿ ಹೊರಗೆ ಚೆಲ್ಲಿತು. ಪಂಪು ತೊಟ್ಟಿಯ ನೀರೆಲ್ಲ ಎತ್ತಿ ರಾತ್ರಿಯೆಲ್ಲ ಹಿತ್ತಲಿಗೆ ಸುರಿಯಿತು. ಹೂವಿನ ಅಕ್ಕ ನಸುಕಿನಲ್ಲಿ ಎದ್ದದ್ದು ಪುಣ್ಯ. ತೊಟ್ಟಿಯಲ್ಲಿ ಒಂದು ಗೇಣು ನೀರು ಉಳಿದಿತ್ತು.

ಮಡಕೆಗೆ ನಾವು ಹಾಕುವುದು ನಾಲ್ಕು ಕೊಡ ನೀರು. ತೊಟ್ಟಿಯಲ್ಲಿ ಹಾಗಲ್ಲ, ನೀರು ಸದಾ ಹರಿಯಬೇಕು. ಅದಕ್ಕೆ ಮರಳು ಸರಿಯಲ್ಲ.

ಆಮೇಲೆ ಬೇರೆ ರೀತಿ ಮಾಡಿದೆವು. ನೀರು ಮೇಲಿನಿಂದ ಕೆಳಗೆ ಬರುವುದು ಬೇಡ. ಕೆಳಗಿನಿಂದ ಮೇಲಕ್ಕೆ ಏರಲಿ. ಹೇಗೆ ಅಂತ ಹೇಳುತ್ತೇವೆ.

1. 100 ಲೀಟರಿನ ಪ್ಲಾಸ್ಟಿಕ್ ಡ್ರಮ್ಮು ತನ್ನಿ. ಔಷಧಿ, ಬಣ್ಣ ತುಂಬಿದ್ದ ಡ್ರಮ್ಮು ಬೇಡ.

2. ತೊಟ್ಟಿಯ ಪಕ್ಕ ಗಟ್ಟಿಯಾದ ಕಟ್ಟೆ ಕಟ್ಟಿ, ಅದರ ಮೇಲೆ ಇಡಿ. ನೀರು ಹೊರಬರುವ ತೂತು ತೊಟ್ಟಿಯ ನೀರಿಗಿಂತ ಎತ್ತರದಲ್ಲಿರಬೇಕು.

3. ಡ್ರಮ್ಮಿನ ಬುಡದಲ್ಲಿ ಒಂದು ನಲ್ಲಿ ಹಾಕಿಸಿ. ಕೆಸರು ಬಿಡಲು ಇದು ಬೇಕು.

4. ಪಂಪಿನ ಪೈಪನ್ನು ಡ್ರಮ್ಮಿನ ಬುಡದವರೆಗೆ ಇಳಿಬಿಡಿ.

5. ಒಳಗೆ ನಾಲ್ಕು ಇಟ್ಟಿಗೆ ನಿಲ್ಲಿಸಿ. ಅದರ ಮೇಲೆ ತೂತುಗಳಿರುವ ಗಟ್ಟಿ ತಟ್ಟೆ ಇಡಿ. ತಟ್ಟೆಯ ಕೆಳಗಿನ ಜಾಗ ಖಾಲಿ ಇರಲಿ. ದಪ್ಪ ಕೆಸರು ಅಲ್ಲೇ ಕೂರುತ್ತದೆ.

6. ತಟ್ಟೆಯ ಮೇಲೆ ಹೆಬ್ಬೆರಳ ಗಾತ್ರದ ಜಲ್ಲಿ. ಅದರ ಮೇಲೆ ಸಣ್ಣ ಜಲ್ಲಿ. ಕೊನೆಗೆ ಈರುಳ್ಳಿ ಚೀಲದ ಬಲೆಯನ್ನು ಸುತ್ತಿ ಸುತ್ತಿ ಇಡಿ. ಜಲ್ಲಿಯನ್ನು ಚೆನ್ನಾಗಿ ತೊಳೆದು ಹಾಕಿ. ಸುಣ್ಣಕಲ್ಲು ಬೇಡ.

7. ಡ್ರಮ್ಮಿನ ಬಾಯಿಯ ಹತ್ತಿರ ದಪ್ಪ ಪೈಪು ಹಾಕಿ. ನೀರು ಅಲ್ಲಿಂದ ತೊಟ್ಟಿಗೆ ಬೀಳಲಿ. ಅರ್ಧ ಅಡಿ ಎತ್ತರದಿಂದ ಬಿದ್ದರೆ ಸಾಕು. ಬೀಳುವಾಗ ನೀರಿಗೆ ಗಾಳಿ ಬೆರೆಯುತ್ತದೆ.

ಜಲ್ಲಿಯನ್ನೂ ಈರುಳ್ಳಿ ಚೀಲದಲ್ಲೇ ತುಂಬಿ ಇಟ್ಟರೆ ಎತ್ತಿ ಇಳಿಸಲು ಸುಲಭ. ಇದು ನಮ್ಮ ಕೇಂದ್ರದ ಅಜ್ಜಿಯೊಬ್ಬರು ಹೇಳಿದ ಉಪಾಯ.

ಪಂಪನ್ನು ತೊಟ್ಟಿಯ ತಳದಲ್ಲಿ ಇಡಬೇಡಿ. ಒಂದು ಅಡಿ ಎತ್ತರಕ್ಕೆ ಇಟ್ಟಿಗೆ ಇಟ್ಟು ಅದರ ಮೇಲಿಡಿ. ಆಗ ನೀರು ಎಲ್ಲಿ ಸೋರಿದರೂ ಒಂದು ಅಡಿ ನೀರು ತೊಟ್ಟಿಯಲ್ಲಿ ಉಳಿಯುತ್ತದೆ. ಪಂಪಿನ ಸುತ್ತ ಬಲೆ ಕಟ್ಟಿ, ಮರಿ ಸಿಕ್ಕಿಕೊಳ್ಳಬಾರದು.

ಬನ್ನಿ, ಲೆಕ್ಕ ಮಾಡೋಣ

ನಮ್ಮ ತೊಟ್ಟಿಯ ಉದ್ದ 5 ಅಡಿ. ಅಗಲ 4 ಅಡಿ. ನೀರಿನ ಆಳ 2 ಅಡಿ.

5 × 4 × 2 = 40 ಘನ ಅಡಿ.

ಒಂದು ಘನ ಅಡಿಗೆ ಸುಮಾರು 28 ಲೀಟರು ನೀರು.

40 × 28 = 1120 ಲೀಟರು.

ತೊಟ್ಟಿಯ ನೀರೆಲ್ಲ ಎರಡು ಗಂಟೆಗೆ ಒಂದು ಸಲ ಡ್ರಮ್ಮಿನೊಳಗೆ ಹಾದು ಬಂದರೆ ಒಳ್ಳೆಯದು. ಅಂದರೆ ಗಂಟೆಗೆ 560 ಲೀಟರು ಹರಿಯಬೇಕು.

ನಾವು ತಂದ ಪಂಪಿನ ಡಬ್ಬಿಯ ಮೇಲೆ ಗಂಟೆಗೆ 1000 ಲೀಟರು ಅಂತ ಬರೆದಿತ್ತು. ಆ ಅಂಕಿಯನ್ನು ನಾವೇ ಓದಿದೆವು. ಆದರೆ ನೀರನ್ನು ಎತ್ತರಕ್ಕೆ ಏರಿಸುವಾಗ ಅಷ್ಟು ಬರುವುದಿಲ್ಲ. ಹಾಗಾದರೆ ಎಷ್ಟು ಬರುತ್ತದೆ? ಅಳೆಯುವುದು ಸುಲಭ.

10 ಲೀಟರಿನ ಬಕೆಟ್ಟನ್ನು ಡ್ರಮ್ಮಿನ ಪೈಪಿನ ಕೆಳಗೆ ಹಿಡಿಯಿರಿ. ಗಡಿಯಾರ ನೋಡಿ. ಒಂದು ನಿಮಿಷಕ್ಕೆ ಬಕೆಟ್ಟು ತುಂಬಿದರೆ ಗಂಟೆಗೆ 60 ಬಕೆಟ್ಟು. 60 × 10 = 600 ಲೀಟರು. ನಮಗೆ ಬೇಕಾದ್ದು ಸಿಕ್ಕಿತು.

ಪ್ರತಿ ಸೋಮವಾರ ನಾವು ಹೀಗೆ ಅಳೆದು ಪುಸ್ತಕದಲ್ಲಿ ಬರೆಯುತ್ತೇವೆ. ಬಕೆಟ್ಟು ತುಂಬಲು ಎರಡು ನಿಮಿಷ ಹಿಡಿಯಿತು ಅಂದರೆ ಎಲ್ಲೋ ಕೆಸರು ಕಟ್ಟಿದೆ ಅಂತ ಅರ್ಥ. ಪಂಪಿನ ಬಲೆ ನೋಡಬೇಕು, ಡ್ರಮ್ಮು ತೊಳೆಯಬೇಕು. ಮೀನು ಸಾಯುವ ಮೊದಲೇ ಬಕೆಟ್ಟು ನಮಗೆ ಹೇಳಿಬಿಡುತ್ತದೆ.

ಕರೆಂಟಿನ ಖರ್ಚು ಎಷ್ಟು? ನಮ್ಮ ಪಂಪು 20 ವ್ಯಾಟಿನದು. 20 × 24 = 480. ಸಾವಿರ ಆದರೆ ಒಂದು ಯೂನಿಟ್ಟು. ಅಂದರೆ ದಿನಕ್ಕೆ ಅರ್ಧ ಯೂನಿಟ್ಟು, ತಿಂಗಳಿಗೆ ಸುಮಾರು 15 ಯೂನಿಟ್ಟು.

ನೀರು ಎಲ್ಲ ಮೂಲೆಗೂ ಹರಿಯಲಿ

ಪಂಪು ಒಂದು ತುದಿಯಲ್ಲಿರಲಿ. ಸೋಸಿದ ನೀರು ಇನ್ನೊಂದು ತುದಿಯಲ್ಲಿ ಬೀಳಲಿ. ಎರಡೂ ಒಂದೇ ಕಡೆ ಇದ್ದರೆ ಸೋಸಿದ ನೀರನ್ನೇ ಪಂಪು ಮತ್ತೆ ಎಳೆಯುತ್ತದೆ. ಆಚೆ ಮೂಲೆಯ ನೀರು ಕೊಳೆಯುತ್ತದೆ.

ಪರೀಕ್ಷೆ ಮಾಡಿ ನೋಡಿ. ಒಂದು ಒಣಗಿದ ಎಲೆಯನ್ನು ನೀರಿನ ಮೇಲೆ ಬಿಡಿ. ಅದು ನಿಧಾನವಾಗಿ ಸುತ್ತುತ್ತಾ ಸಾಗಬೇಕು. ಎಲ್ಲಾದರೂ ನಿಂತೇ ಬಿಟ್ಟರೆ ಆ ಮೂಲೆಗೆ ನೀರು ಹರಿಯುತ್ತಿಲ್ಲ. ಪೈಪಿನ ಬಾಯಿಯನ್ನು ಸ್ವಲ್ಪ ತಿರುಗಿಸಿ.

ಹಾಗಂತ ಜೋರಾಗಿ ಹರಿಸಬೇಡಿ. ದುಂಡು ಮೈಯ, ಉದ್ದ ಬಾಲದ ಮೀನು ಜೋರು ನೀರಲ್ಲಿ ಈಜಿ ಈಜಿ ಸುಸ್ತಾಗುತ್ತದೆ.

ತೊಳೆಯುವುದರಲ್ಲೂ ಜಾಣತನ ಬೇಕು

ಪಾತ್ರೆ ತೊಳೆದ ಹಾಗೆ ಜಲ್ಲಿ ತೊಳೆಯಬಾರದು. ಸೋಪು ಮುಟ್ಟಿಸಲೇ ಬಾರದು. ನಲ್ಲಿ ನೀರಲ್ಲೂ ತೊಳೆಯಬಾರದು. ಅದರ ಕ್ಲೋರಿನ್ನಿಗೆ ನಮ್ಮ ಕೂಲಿಯಾಳು ಜೀವಿಗಳೆಲ್ಲ ಸಾಯುತ್ತವೆ. ಆಮೇಲೆ ಮತ್ತೆ ಆರು ವಾರ ಕಾಯಬೇಕು.

ತೊಟ್ಟಿಯ ನೀರನ್ನೇ ಬಕೆಟ್ಟಿನಲ್ಲಿ ತೆಗೆದು, ಜಲ್ಲಿಯ ಚೀಲವನ್ನು ಅದರಲ್ಲಿ ಅದ್ದಿ ಅಲ್ಲಾಡಿಸಿ. ಅಷ್ಟು ಸಾಕು. ಒಂದು ಸಲಕ್ಕೆ ಅರ್ಧ ಮಾತ್ರ ತೊಳೆಯಿರಿ. ಉಳಿದರ್ಧ ಎರಡು ವಾರ ಬಿಟ್ಟು ತೊಳೆಯಿರಿ. ಬುಡದ ನಲ್ಲಿಯನ್ನು ವಾರಕ್ಕೊಮ್ಮೆ ತಿರುಗಿಸಿ ಕೆಸರು ಬಿಡಿ.

ಸೋಸುವುದಷ್ಟೇ ಸಾಲದು. ಕೊನೆಗೆ ಉಳಿಯುವ ನೈಟ್ರೇಟ್ ನೀರಲ್ಲೇ ಸೇರುತ್ತಾ ಹೋಗುತ್ತದೆ. ಅದಕ್ಕೆ ನೀರು ಬದಲಿಸಬೇಕು. ಆದರೆ ಎಲ್ಲಾ ನೀರನ್ನೂ ಅಲ್ಲ. ವಾರಕ್ಕೆ ಎರಡು ಸಲ, ಒಂದೊಂದು ಸಲಕ್ಕೆ 3 ಅಂಗುಲ ನೀರು ತೆಗೆಯಿರಿ. ನಮ್ಮ ತೊಟ್ಟಿಯಲ್ಲಿ ಅದು 140 ಲೀಟರು, 14 ಬಕೆಟ್ಟು. ಗೋಡೆಯ ಮೇಲೆ ಗೀಟು ಹಾಕಿಕೊಂಡರೆ ಅಳತೆ ತಪ್ಪುವುದಿಲ್ಲ.

ತೆಗೆದ ನೀರನ್ನು ಚೆಲ್ಲಬೇಡಿ. ಕನಕಾಂಬರಕ್ಕೆ, ಕರಿಬೇವಿಗೆ, ಬಾಳೆಗೆ ಹಾಕಿ. ಅದು ಗೊಬ್ಬರದ ನೀರು. ಹೂವಿನ ಅಕ್ಕನ ಕನಕಾಂಬರ ಈಗ ನೋಡಬೇಕು!

ತುಂಬಿಸುವ ನಲ್ಲಿ ನೀರನ್ನು ಒಂದು ಇಡೀ ದಿನ ಡ್ರಮ್ಮಿನಲ್ಲಿ ಬಾಯಿ ತೆರೆದು ಇಡಿ. ತೆಳ್ಳನೆ ಬಟ್ಟೆ ಕಟ್ಟಿದರೆ ಸಾಕು. ಕ್ಲೋರಿನ್ ಗಾಳಿಗೆ ಹೋಗುತ್ತದೆ. ಕೊಳವೆ ಬಾವಿ ನೀರಿಗೆ ಕ್ಲೋರಿನ್ ಇರುವುದಿಲ್ಲ. ಆದರೆ ಅದರಲ್ಲಿ ಗಾಳಿ ಕಡಿಮೆ. ಅದನ್ನೂ ಎತ್ತರದಿಂದ ಸುರಿದು, ಸ್ವಲ್ಪ ಹೊತ್ತು ಇಟ್ಟು ಬಳಸಿ.

ಹೊಸ ಸಿಮೆಂಟಿನ ತೊಟ್ಟಿಯಾದರೆ ಸುಣ್ಣದ ಅಂಶ ನೀರಿಗೆ ಬಿಡುತ್ತದೆ. ಎರಡು ಮೂರು ವಾರ ನೀರು ತುಂಬಿಸಿ, ಚೆಲ್ಲಿ, ಮತ್ತೆ ತುಂಬಿಸಿ. ಬಾಳೆದಿಂಡಿನ ತುಂಡು ಹಾಕಿ ನೆನೆಸುವ ರೂಢಿಯೂ ಇದೆ. ಆಮೇಲೆ ತೊಳೆದು ಮೀನು ಬಿಡಿ.

ಕರೆಂಟು ಹೋದರೆ?

ಇದು ನಮ್ಮೆಲ್ಲರ ಪ್ರಶ್ನೆ. ಕರೆಂಟು ಹೋದರೆ ಪಂಪು ನಿಲ್ಲುತ್ತದೆ. ಡ್ರಮ್ಮಿನ ನೀರೂ ನಿಲ್ಲುತ್ತದೆ. ಒಂದೆರಡು ಗಂಟೆ ಆದರೆ ಚಿಂತೆ ಇಲ್ಲ. ತುಂಬಾ ಹೊತ್ತು ಆದರೆ ಡ್ರಮ್ಮಿನೊಳಗೆ ಗಾಳಿ ಮುಗಿದು ಜೀವಿಗಳು ಸಾಯತೊಡಗುತ್ತವೆ. ನೀರು ಕೊಳೆತ ವಾಸನೆ ಬರುತ್ತದೆ. ಆ ನೀರನ್ನು ತೊಟ್ಟಿಗೆ ಬಿಡಬೇಡಿ. ಬುಡದ ನಲ್ಲಿ ತಿರುಗಿಸಿ ಗಿಡಕ್ಕೆ ಬಿಟ್ಟು, ಆಮೇಲೆ ಪಂಪು ಹಾಕಿ.

ಕರೆಂಟು ಇಲ್ಲದ ಹೊತ್ತು ಮೀನಿಗೆ ಆಹಾರ ಹಾಕಬೇಡಿ. ತಳಕ್ಕೆ ತೂತು ಮಾಡಿದ ಹಳೇ ಬಿಂದಿಗೆಯಲ್ಲಿ ತೊಟ್ಟಿಯ ನೀರನ್ನೇ ಎತ್ತಿ ಎತ್ತಿ ಸುರಿಯಿರಿ. ಜರಡಿಯ ಹಾಗೆ ನೀರು ಬೀಳುವಾಗ ಗಾಳಿ ಬೆರೆಯುತ್ತದೆ.

ಬೇಸಿಗೆಯಲ್ಲಿ ಇನ್ನೂ ಎಚ್ಚರ ಬೇಕು. ಬಿಸಿ ನೀರಲ್ಲಿ ಗಾಳಿ ಕಡಿಮೆ ನಿಲ್ಲುತ್ತದೆ. ರಾತ್ರಿ ಪಾಚಿ, ಗಿಡಗಳೂ ನೀರಿನ ಗಾಳಿಯನ್ನೇ ಬಳಸುತ್ತವೆ. ಅದಕ್ಕೆ ನಸುಕಿನಲ್ಲಿ ಮೀನಿಗೆ ಉಸಿರು ಕಟ್ಟುವುದು. ಮೀನು ಮೇಲೆ ಬಂದು ಬಾಯಿ ಬಿಟ್ಟರೆ ಹಸಿವು ಅಂತ ತಿಳಿಯಬೇಡಿ. ಉಸಿರಿಗಾಗಿ ಒದ್ದಾಡುತ್ತಿರಬಹುದು. ಅಂತರಗಂಗೆ ಗಿಡ ಸ್ವಲ್ಪ ಇದ್ದರೆ ನೆರಳು. ತೊಟ್ಟಿ ತುಂಬ ಹಬ್ಬಿದರೆ ತೊಂದರೆ. ಅರ್ಧಕ್ಕಿಂತ ಕಡಿಮೆ ಇರಲಿ.

ಆಹಾರ ದಿನಕ್ಕೆ ಎರಡು ಸಲ. ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ. ನಮ್ಮ ತೊಟ್ಟಿಯ ಅಳತೆಗೆ ಬೆಳೆದ ಮೀನು 15 ಇದ್ದರೆ ಸಾಕು. ಮರಿ ಬೆಳೆದಂತೆ ಮಾರಿಬಿಡಬೇಕು.

ಮೀನಿಗಿಂತ ಜೀವ ದೊಡ್ಡದು

ನೀರು, ಕರೆಂಟು ಎರಡೂ ಒಂದೇ ಕಡೆ ಇವೆ. ತೊಟ್ಟಿಗೆ ಕೈ ಹಾಕುವ ಮೊದಲು ಪ್ಲಗ್ಗು ತೆಗೆಯಿರಿ. ಸ್ವಿಚ್ಚು ಆರಿಸಿದರೆ ಸಾಲದು. ಮೂರು ಕಡ್ಡಿಯ ಪ್ಲಗ್ಗು, ಅರ್ಥಿಂಗು ಇರಲೇಬೇಕು. ಕರೆಂಟು ಸೋರಿದರೆ ತಾನೇ ಆರುವ ಸ್ವಿಚ್ಚು ಬರುತ್ತದೆ. ಎಲೆಕ್ಟ್ರಿಷಿಯನ್ ಕೈಲೇ ಹಾಕಿಸಿ. ವೈರಿಗೆ ಬಟ್ಟೆ ಸುತ್ತಿ ಗಂಟು ಹಾಕುವುದು ಬೇಡ.

ಅಂಬೆಗಾಲಿಡುವ ಮಗುವಿಗೆ ಒಂದು ಅಡಿ ನೀರೂ ಅಪಾಯ. ತೊಟ್ಟಿಯ ಮೇಲೆ ಗಟ್ಟಿ ಕಂಬಿಯ ಜಾಲರಿ ಹಾಕಿಸಿ. ಬೆಕ್ಕು, ಕಾಗೆಯಿಂದ ಮೀನಿಗೂ ರಕ್ಷಣೆ.

ಮಳೆಗಾಲದಲ್ಲಿ ತೊಟ್ಟಿ ತುಂಬಿ ಹರಿಯದಂತೆ ಬಾಯಿಯ ಹತ್ತಿರ ಒಂದು ಪೈಪು ಇಡಿ. ಅದಕ್ಕೆ ಬಲೆ ಕಟ್ಟಿ. ಹೊಲದ ನೀರು, ಔಷಧಿ ಹೊಡೆದ ನೀರು ತೊಟ್ಟಿಗೆ ನುಗ್ಗಬಾರದು. ಚಿನ್ನದ ಮೀನನ್ನು ಕೆರೆಗೆ ಬಿಡಬೇಡಿ. ಅದು ನಮ್ಮ ಕೆರೆಯ ಮೀನಲ್ಲ. ಅಲ್ಲಿಯ ಮೀನುಗಳಿಗೆ ತೊಂದರೆ ಕೊಡುತ್ತದೆ.

ನೀರು ನಿಂತರೆ ಸೊಳ್ಳೆ ಬರುವುದಿಲ್ಲವೇ ಅಂತ ಕೆಲವರು ಕೇಳುತ್ತಾರೆ. ಚಿನ್ನದ ಮೀನು ಸೊಳ್ಳೆಯ ಮರಿಹುಳು ತಿನ್ನುತ್ತದೆ. ನೀರೂ ಅಲ್ಲಾಡುತ್ತಿರುತ್ತದೆ. ಆದರೆ ಪಕ್ಕದಲ್ಲಿ ಬಿದ್ದಿರುವ ತೆಂಗಿನ ಚಿಪ್ಪು, ಹಳೇ ಟೈರು ಇವನ್ನು ಬೋರಲು ಹಾಕಿ.

ಈಗ ನಮ್ಮ ತೊಟ್ಟಿ

ಉಳಿದ 13 ಮೀನು ಬದುಕಿದವು. ದೊಡ್ಡವಾದವು. ಆರು ವಾರ ಕಾದು, ಸ್ವಲ್ಪ ಸ್ವಲ್ಪವಾಗಿ ಮರಿ ತಂದು ಬಿಟ್ಟೆವು. ದೊಡ್ಡದನ್ನು ಮಾರಿದೆವು. ಸಾಲದ ಕಂತು ಕಟ್ಟುತ್ತಿದ್ದೇವೆ. ಇನ್ನೂ ಪೂರ್ತಿ ತೀರಿಲ್ಲ, ಆದರೆ ತೀರುತ್ತದೆ.

ಹೂವಿನ ಅಕ್ಕ ಮೊದಲು ಹೆಬ್ಬೆಟ್ಟು ಒತ್ತುತ್ತಿದ್ದರು. ಈಗ ತೊಟ್ಟಿಯ ಲೆಕ್ಕದ ಪುಸ್ತಕ ಅವರದೇ ಕೈಬರಹ. ತಾರೀಖು, ಬಕೆಟ್ಟು ತುಂಬಿದ ನಿಮಿಷ, ಬದಲಿಸಿದ ನೀರು, ಸತ್ತ ಮೀನು, ಮಾರಿದ ಮೀನು. ಸತ್ತ ಮೀನಿನ ಕಡೆ ತಿಂಗಳುಗಟ್ಟಲೆ ಸೊನ್ನೆ ಇದೆ. "ಟೀಚರೇ, ಸೊನ್ನೆ ಬರೆಯೋದು ಇಷ್ಟು ಚೆಂದ ಅಂತ ಗೊತ್ತೇ ಇರಲಿಲ್ಲ" ಅನ್ನುತ್ತಾರೆ.

ನೆನಪಿಡಿ

ತಿಳಿ ನೀರೆಲ್ಲ ಒಳ್ಳೇ ನೀರಲ್ಲ.
ಮೀನು ಕಡಿಮೆ, ಆಹಾರ ಕಡಿಮೆ, ಹೊಲಸು ಕಡಿಮೆ.
ನಲ್ಲಿ ನೀರು ಒಂದು ದಿನ ಇಟ್ಟು ಬಳಸಿ.
ಜಲ್ಲಿಯನ್ನು ತೊಟ್ಟಿಯ ನೀರಲ್ಲೇ ಅದ್ದಿ ತೊಳೆಯಿರಿ.
ಪ್ಲಗ್ಗು ತೆಗೆದೇ ನೀರಿಗೆ ಕೈ ಹಾಕಿ.

ಕೂಡಿ ಮಾತಾಡೋಣ, ಲೆಕ್ಕ ಮಾಡೋಣ

1. ಉದ್ದ 6 ಅಡಿ, ಅಗಲ 3 ಅಡಿ, ನೀರಿನ ಆಳ 2 ಅಡಿ ಇರುವ ತೊಟ್ಟಿಯಲ್ಲಿ ಎಷ್ಟು ಲೀಟರು ನೀರು ಹಿಡಿಯುತ್ತದೆ?
2. 10 ಲೀಟರಿನ ಬಕೆಟ್ಟು ಎರಡು ನಿಮಿಷಕ್ಕೆ ತುಂಬಿದರೆ ಗಂಟೆಗೆ ಎಷ್ಟು ಲೀಟರು?
3. ನಾವು ತೊಟ್ಟಿಯನ್ನು ತಿಕ್ಕಿ ತೊಳೆದ ಮೇಲೂ ಮೀನು ಸತ್ತದ್ದು ಯಾಕೆ?
4. ನಿಮ್ಮ ಮನೆಯ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ? ಅದನ್ನೂ ಗಿಡಕ್ಕೆ ಹರಿಸಬಹುದೇ? ಪಕ್ಕದ ಮನೆಯ ಅಕ್ಕನ ಜೊತೆ ಮಾತಾಡಿ.